ಗುಜರಿಗೆ ಹಾಕುವ ಮುನ್ನ ದೂಳು ತೆಗೆದು ನೋಡಿ

ಮಾನ್ಯ ಸಂಪಾದಕರೇ,

ರಾಯಚೂರಿನ ಬಿಸಿಲಿನ ಸುದ್ದಿ ಪ್ರತಿ ಬೇಸಿಗೆಯಲ್ಲೂ ನಿಮ್ಮ ಪತ್ರಿಕೆಯಲ್ಲಿ ಬರುತ್ತದೆ. ಆ ಬಿಸಿಲಿಗೆ ಮನೆಯ ಕಂಪ್ಯೂಟರುಗಳು ಪಡುವ ಪಾಡು, ಅದರಿಂದ ಜನ ಕಳೆದುಕೊಳ್ಳುವ ದುಡ್ಡು, ಇವುಗಳ ಬಗ್ಗೆ ಈ ಪತ್ರ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಈಗಲೂ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಲೆಕ್ಕಗಳನ್ನು ಟೈಪ್ ಮಾಡಿ ಹಂಚುತ್ತೇನೆ. ಅದಕ್ಕೊಂದು ಎಂಟು ವರ್ಷದ ಡೆಸ್ಕ್‌ಟಾಪ್ ಇದೆ.

ಏಪ್ರಿಲ್‌ನಲ್ಲಿ ಅದು ನಿಧಾನವಾಯಿತು. ವೈರಸ್ ಇರಬೇಕೆಂದು 500 ರೂಪಾಯಿ ಕೊಟ್ಟು ಫಾರ್ಮ್ಯಾಟ್ ಮಾಡಿಸಿದೆ. ವಾರದೊಳಗೆ, ಹಚ್ಚಿದ ಹತ್ತು ನಿಮಿಷಕ್ಕೆ ತಾನಾಗಿಯೇ ಆಫ್ ಆಗತೊಡಗಿತು. ಮತ್ತೆ ಅಂಗಡಿಗೆ ಒಯ್ದಾಗ ಒಂದು ಸ್ಕ್ರೂ ಕೂಡ ಬಿಚ್ಚದೆ, "ಮದರ್ ಬೋರ್ಡ್ ಹೋಗೈತ್ರಿ, ಹೊಸಾದ ತಗೊಳ್ರಿ" ಎಂದು 22 ಸಾವಿರದ ಚೀಟಿ ಬರೆದುಕೊಟ್ಟರು. ಪಿಂಚಣಿಯಲ್ಲಿ ಬದುಕುವವರಿಗೆ ಅದು ದೊಡ್ಡ ಮೊತ್ತ.

ಪಕ್ಕದ ಮನೆಯ ಹುಡುಗ ಡಿಪ್ಲೊಮಾ ಓದುತ್ತಾನೆ. ಅವನು ಬಂದು ಮೊದಲು ಬಯೋಸ್ (ಕಂಪ್ಯೂಟರ್ ಹಚ್ಚಿದ ಕೂಡಲೇ ತೆರೆಯಬಹುದಾದ ಸೆಟ್ಟಿಂಗ್ ಪುಟ) ತೆರೆದು ತೋರಿಸಿದ: ಯಾವ ಕೆಲಸವನ್ನೂ ಮಾಡದೆ ಸುಮ್ಮನಿದ್ದಾಗಲೇ ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ 92 ಡಿಗ್ರಿ. ಪ್ಲಗ್ ಕಿತ್ತು, ಪಕ್ಕದ ತಗಡು ತೆಗೆದ. ನಮ್ಮ ಓಣಿಯ ಹಿಂದೆ ಅಕ್ಕಿ ಗಿರಣಿ ಇದೆ. ತೌಡಿನ ದೂಳು, ಕೋಣೆಯ ಏರ್ ಕೂಲರ್‌ನ ತೇವ ಎರಡೂ ಸೇರಿ ಫ್ಯಾನಿನ ಕೆಳಗೆ, ಪ್ರೊಸೆಸರಿನ ಬಿಸಿ ಹೀರುವ ಲೋಹದ ಹೀಟ್ ಸಿಂಕ್‌ನ ಸಂದುಗಳಲ್ಲಿ ಕಂಬಳಿ ಹೊದಿಸಿದಂತೆ ಮೆತ್ತಿಕೊಂಡಿತ್ತು. "ಅಕ್ಕೋರೆ, ಇದಕ್ಕ ಉಸಿರು ಕಟ್ಟೈತ್ರಿ" ಎಂದ ಹುಡುಗ.

ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು ಬ್ಲೋವರ್ ಊದಿದ. ನಾಲ್ಕು ಪ್ಲಾಸ್ಟಿಕ್ ಗೂಟಗಳನ್ನು ಕಾಲು ಸುತ್ತು ತಿರುಗಿಸಿ ಹೀಟ್ ಸಿಂಕ್ ಎತ್ತಿದಾಗ, ಅದರಡಿಯ ಥರ್ಮಲ್ ಪೇಸ್ಟ್ ವಿಭೂತಿಯ ಹಾಗೆ ಒಣಗಿ ಉದುರಿತು. ಪ್ರೊಸೆಸರಿಗೂ ಹೀಟ್ ಸಿಂಕಿಗೂ ನಡುವಿನ ಸಣ್ಣ ಸಂದನ್ನು ತುಂಬಿ ಬಿಸಿಯನ್ನು ದಾಟಿಸುವುದೇ ಈ ಪೇಸ್ಟ್‌ನ ಕೆಲಸ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ತೊಗರಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು ಮುಚ್ಚಿದ. ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಮುಟ್ಟಲಿಲ್ಲ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತದಂತೆ. ಮನೆಯಲ್ಲಿ ಪ್ರಯತ್ನಿಸುವವರು ಇದನ್ನು ಮರೆಯಬಾರದು. ಖರ್ಚು 180 ರೂಪಾಯಿ. ಬಯೋಸ್‌ನಲ್ಲಿ ಈಗ 53 ಡಿಗ್ರಿ.

ಲೆಕ್ಕದ ಟೀಚರ್ ಆದ್ದರಿಂದ ಒಂದು ಮಾತು. ಫ್ಯಾನ್ ಎಷ್ಟೇ ಬೀಸಿದರೂ ಪ್ರೊಸೆಸರ್ ಕೋಣೆಯ ಗಾಳಿಗಿಂತ ತಣ್ಣಗಾಗದು. ನನ್ನ ಕೋಣೆ 38 ಡಿಗ್ರಿ ಇತ್ತು. ಅದರ ಮೇಲೆ ಪ್ರೊಸೆಸರಿನ ಸ್ವಂತ ಬಿಸಿ, ಅದನ್ನು ಹೊರಹೋಗದಂತೆ ತಡೆದ ದೂಳು ಮತ್ತು ಒಣಗಿದ ಪೇಸ್ಟ್ ಎಲ್ಲ ಸೇರಿ 54 ಡಿಗ್ರಿ ಕೂಡಿಸಿದ್ದವು. ಅದೇ ಯಂತ್ರ, ಅಷ್ಟೇ ದೂಳಿನೊಂದಿಗೆ ಬೆಂಗಳೂರಿನ 27 ಡಿಗ್ರಿಯ ಕೋಣೆಯಲ್ಲಿದ್ದರೆ 81ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು, ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ನನ್ನಲ್ಲಿರುವಂಥ ಪ್ರೊಸೆಸರ್ 100 ಡಿಗ್ರಿ ಸಮೀಪಿಸಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ, ಇನ್ನೂ ಏರಿದರೆ ಸುಟ್ಟುಹೋಗದಿರಲೆಂದು ಬಂದ್ ಆಗುತ್ತದೆ. ನಾನು ವೈರಸ್ ಎಂದುಕೊಂಡದ್ದು, ಅಂಗಡಿಯವರು ಮದರ್ ಬೋರ್ಡ್ ಹೋಗಿದೆ ಎಂದದ್ದು, ಎರಡೂ ಯಂತ್ರ ತನ್ನನ್ನು ಉಳಿಸಿಕೊಳ್ಳುತ್ತಿದ್ದ ರೀತಿ.

ಇದು ತಿಳಿದ ಮೇಲೆ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ನಾನಿದ್ದ ಶಾಲೆಯಲ್ಲಿ ಆರು ಕಂಪ್ಯೂಟರುಗಳನ್ನು 'ಪದೇ ಪದೇ ಬಂದ್ ಆಗುತ್ತವೆ' ಎಂದು ಬರೆದು ಗುಜರಿ ಪಟ್ಟಿಗೆ ಸೇರಿಸಿದ್ದೆವು. ಆ ಪಟ್ಟಿಯಲ್ಲಿ ನನ್ನ ಸಹಿಯೂ ಇದೆ. ಒಂದನ್ನೂ ಬಿಚ್ಚಿ ನೋಡಿರಲಿಲ್ಲ. ಆಮೇಲೆ ಎರಡು ವರ್ಷ ನಮ್ಮ ಮಕ್ಕಳು ಮೌಸ್ ಹಿಡಿಯದೆಯೇ ಹತ್ತನೇ ತರಗತಿ ಮುಗಿಸಿದರು.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ತೆರೆದಿದೆ. ರಿಪೇರಿಯ ಬಗ್ಗೆ ಕಂಪನಿಗಳು ಕೊಡುವ ಮಾಹಿತಿ ಅಲ್ಲಿ ಸಿಗುತ್ತದೆ, ಒಳ್ಳೆಯದೇ. ಆದರೆ ನಮ್ಮ ಊರಿನ ಅಂಗಡಿಯ ಕಟ್ಟೆಯ ಮೇಲೆ ಆಗಬೇಕಾದ್ದು ಇನ್ನೂ ಸರಳ. ಗಿರಾಕಿಯ ಎದುರಿಗೇ ಡಬ್ಬಿ ಬಿಚ್ಚಲಿ, ಎಷ್ಟು ಡಿಗ್ರಿ ಇದೆ ಎಂದು ತೋರಿಸಲಿ, ದೂಳು ತೆಗೆದು ಮತ್ತೊಮ್ಮೆ ತೋರಿಸಲಿ. ಅದಕ್ಕೆ 300 ರೂಪಾಯಿ ಕೂಲಿ ಕೇಳಿದರೂ ನಾನು ಸಂತೋಷದಿಂದ ಕೊಡುತ್ತೇನೆ.

ಇನ್ನು ಶಿಕ್ಷಣ ಇಲಾಖೆಗೊಂದು ಮನವಿ. ರಜೆಯಲ್ಲಿ ಬೀಗ ಹಾಕಿದ ಲ್ಯಾಬ್‌ಗಳಲ್ಲಿ ದೂಳು ಕೂತಿದೆ. ಶಾಲೆ ತೆರೆಯಲು ಇನ್ನೆರಡು ವಾರವಿದೆ. ಸರ್ಕಾರಿ ಪಾಲಿಟೆಕ್ನಿಕ್ ಮತ್ತು ಐಟಿಐ ವಿದ್ಯಾರ್ಥಿಗಳನ್ನು ಬ್ಲೋವರ್, ಪೇಸ್ಟ್ ಕೊಟ್ಟು ಆ ಲ್ಯಾಬ್‌ಗಳಿಗೆ ಕಳಿಸಿ, ಅವರ ಊಟದ ಖರ್ಚು ಭರಿಸಿ. ನಮ್ಮ ತಾಲ್ಲೂಕಿನ ಯಾವ ಶಾಲೆಗೆ ಕರೆದರೂ ನಾನು ಅವರ ಜೊತೆ ಹೋಗಿ ಪ್ರತಿ ಯಂತ್ರದ ಡಿಗ್ರಿ ಬರೆದುಕೊಳ್ಳುತ್ತೇನೆ.

ನಿವೃತ್ತ ಗಣಿತ ಶಿಕ್ಷಕಿ, ರಾಯಚೂರು