ಜ್ವರ ಬಂದಿದೆ ಅಂತ ವಿಯೆನ್ನಾ ಓಡಿಹೋಗಲ್ಲ

ಸರಸ್ವತಿಪುರಂ, ಮೈಸೂರು
ಶುಕ್ರವಾರ

ಚಿ. ಮೇಘಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಬೆಳಿಗ್ಗೆ ನಿನ್ನ ಮೆಸೇಜ್ ನೋಡಿದೆ. ಮೈ ಬಿಸಿ, ಗಂಟಲು ನೋವು, ರೂಮಲ್ಲಿ ಮಲಗಿದರೆ ದುಡ್ಡು ದಂಡ, ಅಮ್ಮನಿಗೆ ಹೇಳಬೇಡಿ ಅಂತ ಬರೆದಿದ್ದೀಯ. ಕೊನೆಯ ಮಾತಿಗೆ ಮೊದಲು ಉತ್ತರ ಕೊಡ್ತೀನಿ. ನಾನಾಗಿ ಹೇಳಲ್ಲ. ನೀನೇ ಹೇಳು, ಇವತ್ತೇ. ನಿನ್ನೆಯ ಫೋಟೋದಲ್ಲಿ ನಿನ್ನ ಮುಖ ನೋಡಿ "ಇವಳಿಗೆ ಯಾಕೋ ಹುಷಾರಿಲ್ಲ" ಅಂತ ನಿನ್ನ ಅಮ್ಮ ಆಗಲೇ ನಿಮ್ಮ ದೊಡ್ಡಮ್ಮನ ಹತ್ತಿರ ಅಂದಾಯಿತು. ಗೊತ್ತಿಲ್ಲದೆ ಕೊರಗುವುದಕ್ಕಿಂತ ಗೊತ್ತಾಗಿ ಬೈಯುವುದೇ ಅವಳಿಗೂ ವಾಸಿ.

ಇಷ್ಟು ವರ್ಷ ಮೆಡಿಕಲ್ ಶಾಪ್ ನಡೆಸಿದವನು ನಾನು. ಔಷಧಿ ಮಾತು ಬಿಟ್ಟು ಬೇರೆ ಮಾತಿಗೆ ಹೋಗೋಕೆ ಆಗಲ್ಲ. ಮೊದಲು ಒಂದು ಥರ್ಮಾಮೀಟರ್ ತಗೋ. ನಿನ್ನ ಅಣ್ಣ ವಿಯೆನ್ನಾದಲ್ಲಿ ಕೆಲಸದಲ್ಲಿದ್ದಾಗ ನಾವು ಹೋಗಿದ್ದೆವಲ್ಲ, ಆಗ ನಾನು ಚರ್ಚುಗಳಿಗಿಂತ ಜಾಸ್ತಿ ನೋಡಿದ್ದು ಔಷಧಿ ಅಂಗಡಿಗಳನ್ನೇ. ಅಪೊಥೆಕೆ ಅಂತಾರೆ, ಹೊರಗೆ ಕೆಂಪು ಬಣ್ಣದ ದೊಡ್ಡ 'ಎ' ಅಕ್ಷರ ಇರುತ್ತೆ. ಅಲ್ಲಿ ಜ್ವರ ಅಳೆಯೋದು ಸೆಲ್ಸಿಯಸ್‌ನಲ್ಲಿ. 38 ಅಂದರೆ ನಮ್ಮ 100.4. 39 ಅಂದರೆ 102 ದಾಟಿದೆ ಅಂತ ಅರ್ಥ. 38.5 ನೋಡಿ "ಅಷ್ಟೇ ತಾನೇ" ಅಂದುಕೊಂಡು ಹೊರಗೆ ಹೊರಡಬೇಡ.

ನೀನು ತಗೊಂಡು ಹೋಗಿರೋ ಪ್ಯಾರಾಸಿಟಮಾಲ್ ಸ್ಟ್ರಿಪ್ 650ರದ್ದು. ಒಂದು ಮಾತ್ರೆ, ಮತ್ತೆ ಬೇಕಾದರೆ ಆರು ಗಂಟೆ ಬಿಟ್ಟು. ಅದು ಮುಗಿದರೆ ಸೂಪರ್ ಮಾರ್ಕೆಟ್ಟಿನಲ್ಲಿ ಹುಡುಕಬೇಡ, ಆಸ್ಟ್ರಿಯಾದಲ್ಲಿ ಅದು ಅಪೊಥೆಕೆಯಲ್ಲೇ ಸಿಗೋದು. ಶೀತಕ್ಕೆ ಅಂತ ಬಿಸಿನೀರಲ್ಲಿ ಕದಡಿ ಕುಡಿಯುವ ಪುಡಿ ಕೊಟ್ಟರೆ ಅದರಲ್ಲಿ ಪ್ಯಾರಾಸಿಟಮಾಲ್ ಇದೆಯಾ ಅಂತ ಕೇಳಿಯೇ ತಗೋ. ಪುಡಿಯಲ್ಲೂ ಅದೇ, ಮಾತ್ರೆಯಲ್ಲೂ ಅದೇ ಆದರೆ ಲಿವರ್‌ಗೆ ಏಟು. ಇನ್ನೊಂದು, ಇಲ್ಲಿನ ಹಾಗೆ ಕೌಂಟರಲ್ಲಿ ನಿಂತು "ಒಂದು ಅಜಿತ್ರೊ ಕೊಡಿ" ಅಂದರೆ ಅಲ್ಲಿ ಕೊಡಲ್ಲ, ಡಾಕ್ಟರ ಚೀಟಿ ಬೇಕು. ಕೊಡದಿರುವುದೇ ಸರಿ. ಸುಮ್ನೆ ಬಂದ ಶೀತಜ್ವರಕ್ಕೆ ಆಂಟಿಬಯೋಟಿಕ್ ಏನೂ ಮಾಡಲ್ಲ. ಇದನ್ನು ಹೇಳಿ ಹೇಳಿ ನನ್ನ ಗಿರಾಕಿಗಳು ಎಷ್ಟೋ ಜನ ಎದುರಿನ ಅಂಗಡಿಗೆ ಹೋದರು, ಇರಲಿ.

ನಾಳಿದ್ದು ಭಾನುವಾರ. ದೊಡ್ಡ ರೈಲ್ವೆ ಸ್ಟೇಷನ್ನಿನ ಒಳಗಿರುವ ಕೆಲವು ಬಿಟ್ಟರೆ ದಿನಸಿ ಅಂಗಡಿಗಳೆಲ್ಲ ಬಂದ್. ಶನಿವಾರ ಸಂಜೆ ಆರಕ್ಕೇ ಬಾಗಿಲು ಹಾಕ್ತಾರೆ. ಅಷ್ಟರೊಳಗೆ ಅಕ್ಕಿ, ಮೊಸರು, ಬಾಳೆಹಣ್ಣು, ನಿಂಬೆಹಣ್ಣು ತಂದಿಟ್ಟುಕೋ. ನಿನ್ನ ರೂಮಿನಲ್ಲಿ ಒಲೆ ಇದೆ ಅಂದಿದ್ದೆ ಅಲ್ವಾ? ಹಾಗಾದರೆ ಮೊಸರನ್ನಕ್ಕೆ ಬರವಿಲ್ಲ. ಹೋಟೆಲಲ್ಲಿ ಮಾತ್ರ ನೋಡಿಕೊಂಡು ತಿನ್ನು. ಫ್ರಿಟಾಟೆನ್‌ಸುಪ್ಪೆ ಅಂತ ಒಂದು ಸೂಪ್ ಇದೆ, ನೋಡೋಕೆ ನಮ್ಮ ತಿಳಿಸಾರಿನ ಹಾಗೇ ಇರುತ್ತೆ, ಒಳಗೆ ದೋಸೆ ಹೆಚ್ಚಿ ಹಾಕಿದಂತೆ ಎಳೆಗಳು. ಜ್ವರದ ಬಾಯಿಗೆ ಆಸೆಯಾಗುತ್ತೆ. ಆದರೆ ಅದು ದನದ ಮಾಂಸ ಬೇಯಿಸಿದ ನೀರು. ನಿನ್ನ ದೊಡ್ಡಮ್ಮ ಚಮಚ ಬಾಯಿಯ ಹತ್ತಿರ ತಂದ ಮೇಲೆ ನಿನ್ನ ಅಣ್ಣ ಹೇಳಿದ! ನೀರಿಗೆ ದುಡ್ಡು ಕೊಡಬೇಡ. ಅಲ್ಲಿನ ನಲ್ಲಿ ನೀರು ಆಲ್ಪ್ಸ್ ಬೆಟ್ಟದ ಬುಗ್ಗೆಗಳಿಂದ ಬರುತ್ತೆ, 1873ರಲ್ಲೇ ಪೈಪ್ ಎಳೆದಿದ್ದಾರೆ. ನೇರ ನಲ್ಲಿಯಿಂದ ಕುಡಿ, ಜಾಸ್ತಿ ಕುಡಿ.

ಈಗ ತಿರುಗಾಟದ ಮಾತು. ಇವತ್ತು ಪೂರ್ತಿ ಮಲಗು. ಇದರಲ್ಲಿ ಚೌಕಾಸಿ ಇಲ್ಲ. ನಾಳೆ ಮಾತ್ರೆಯ ಬಲವಿಲ್ಲದೆ ಜ್ವರ ಇಳಿದಿದ್ದರೆ ಮಾಸ್ಕ್ ಹಾಕಿಕೊಂಡು ಹೊರಗೆ ಹೋಗು, ಬೇಡ ಅನ್ನಲ್ಲ. ಆದರೆ ಏನೇನು ನೋಡಬೇಕು ಅಂತ ಬರೆದಿಟ್ಟ ನಿನ್ನ ಆ ಪಟ್ಟಿ ಹರಿದು ಹಾಕು. ಸ್ಟೆಫಾನ್ಸ್‌ಡೋಮ್ ಅನ್ನೋ ಆ ದೊಡ್ಡ ಚರ್ಚಿನ ಗೋಪುರಕ್ಕೆ 343 ಮೆಟ್ಟಿಲು. ಚಾಮುಂಡಿ ಬೆಟ್ಟ ಹತ್ತಿದವಳಿಗೆ ಅದೇನು ಅನ್ನಬೇಡ, ಬೆಟ್ಟ ಹತ್ತಿದಾಗ ನಿನಗೆ ಜ್ವರ ಇರಲಿಲ್ಲ. ಬದಲು ಟ್ರಾಮ್ ಹತ್ತು. ಹಳೆಯ ಕೋಟೆಗೋಡೆ ಕೆಡವಿದ ಜಾಗದಲ್ಲಿ ರಿಂಗ್ ರಸ್ತೆ ಮಾಡಿದ್ದಾರೆ, 1865ರಲ್ಲಿ ಉದ್ಘಾಟನೆ ಆದದ್ದು. ಒಪೆರಾ ಹೌಸ್, ಪಾರ್ಲಿಮೆಂಟ್, ಟೌನ್ ಹಾಲ್, ಯೂನಿವರ್ಸಿಟಿ, ಎಲ್ಲ ಅದರ ಪಕ್ಕದಲ್ಲೇ. ಕಿಟಕಿ ಪಕ್ಕ ಕೂತರೆ ಅರ್ಧ ವಿಯೆನ್ನಾ ತಾನೇ ಎದುರಿಗೆ ಬರುತ್ತೆ.

ಇಳಿಯಲೇಬೇಕು ಅನಿಸಿದರೆ ಕಲಾ ಮ್ಯೂಸಿಯಂ ಹತ್ತಿರ ಇಳಿ. ಪೂರ್ತಿ ಸುತ್ತಬೇಡ. ಬ್ರೂಗೆಲ್ ಅನ್ನೋ ಹಳೇ ಚಿತ್ರಕಾರನ ಚಿತ್ರಗಳಿರುವ ಕೋಣೆ ಎಲ್ಲಿ ಅಂತ ಕೇಳು, ಹೋಗಿ ಕೂತುಕೋ. 1565ರ ಒಂದು ಚಿತ್ರ ಇದೆ, ಹಿಮದಲ್ಲಿ ಬೇಟೆಗಾರರು ವಾಪಸ್ ಬರುತ್ತಿರೋದು. ಬೆನ್ನು ನಮ್ಮ ಕಡೆ. ಇಷ್ಟೆಲ್ಲ ಅಲೆದು ಸಿಕ್ಕಿದ್ದು ಒಂದೇ ಒಂದು ನರಿ. ನಾಯಿಗಳೂ ತಲೆ ತಗ್ಗಿಸಿಕೊಂಡು ಹಿಂದೆ ಬರುತ್ತಿವೆ. ಕೆಳಗೆ ದೂರದಲ್ಲಿ ಹೆಪ್ಪುಗಟ್ಟಿದ ಕೆರೆ ಮೇಲೆ ಜನ ಜಾರುತ್ತಾ ಆಡುತ್ತಿದ್ದಾರೆ, ಒಬ್ಬೊಬ್ಬರೂ ಅಕ್ಕಿಕಾಳಿನಷ್ಟು. ಗಟ್ಟಿಮುಟ್ಟಾಗಿದ್ದವರು ಅದರ ಮುಂದೆ ಫೋಟೋ ತೆಗೆದು ಮುಂದಿನ ಕೋಣೆಗೆ ಓಡ್ತಾರೆ. ಕಾಲು ಸೋತಿರೋ ನೀನು ಅರ್ಧ ಗಂಟೆ ಕೂತು ಆ ಕಾಳುಗಳನ್ನೆಲ್ಲ ನೋಡಬಹುದು. ನನ್ನ ಕೇಳಿದರೆ ಊರು ನೋಡೋದು ಅಂದರೆ ಅದೇ.

ಅಲ್ಲಿಂದ ಒಂದು ಕಾಫಿ ಹೌಸ್. ಒಂದೇ ಕಾಫಿಗೆ ಎಷ್ಟು ಹೊತ್ತು ಕೂತರೂ ಯಾರೂ ಎಬ್ಬಿಸಲ್ಲ, ಟ್ರೇಯಲ್ಲಿ ಜೊತೆಗೆ ಒಂದು ಲೋಟ ನೀರು ಇಡ್ತಾರೆ. ಒಂಟಿಯಾಗಿ ಕೂತವರೇ ಅಲ್ಲಿ ಜಾಸ್ತಿ, ನಿನ್ನನ್ನು ಯಾರೂ ತಿರುಗಿ ನೋಡಲ್ಲ. ಕತ್ತಲಾಗುವ ಮೊದಲು ರೂಮಿಗೆ ಬಾ.

ಇಷ್ಟಾದ ಮೇಲೂ ಮೂರು ದಿನ ಜ್ವರ ಬಿಡದಿದ್ದರೆ, ಕುಡಿದ ನೀರು ನಿಲ್ಲದಿದ್ದರೆ ಡಾಕ್ಟರ್ ಹತ್ತಿರ ಹೋಗು. ಅಲ್ಲಿ 1450 ಅಂತ ಆರೋಗ್ಯ ಸಲಹೆಯ ನಂಬರ್ ಇದೆ. ಉಸಿರಾಡೋಕೆ ಕಷ್ಟ, ಎದೆ ನೋವು, ಕುತ್ತಿಗೆ ಬಗ್ಗಿಸೋಕೆ ಆಗಲ್ಲ ಅನ್ನುವ ಹಾಗಿದ್ದರೆ ಯೋಚನೆ ಮಾಡದೆ 144, ಇಲ್ಲವೇ 112. ದುಡ್ಡಿನ ಭಯ ಬೇಡ. ನಿನ್ನ ಶೆಂಗೆನ್ ವೀಸಾಗೆ ಮಾಡಿಸಿದ ಇನ್ಶೂರೆನ್ಸ್ ಕಡಿಮೆ ಅಂದರೂ 30,000 ಯುರೋದ್ದು, ಅದಿಲ್ಲದೆ ವೀಸಾನೇ ಕೊಡಲ್ಲ. ಕ್ಲಿನಿಕ್ಕಿಗೆ ಹೋಗುವ ಮೊದಲು ಅವರ ಹೆಲ್ಪ್‌ಲೈನಿಗೆ ಫೋನ್ ಮಾಡು, ಪ್ರತಿಯೊಂದು ಬಿಲ್ಲೂ ಇಟ್ಟುಕೋ. ಪಾಲಿಸಿಯ ಮೊದಲ ಪುಟ, ಪಾಸ್‌ಪೋರ್ಟ್, ರೂಮಿನ ಅಡ್ರೆಸ್, ಮೂರನ್ನೂ ಈಗಲೇ ನನಗೆ ಕಳಿಸು. ಮನೆ ಮಾಲೀಕಳಿಗೂ ಹುಷಾರಿಲ್ಲ ಅಂತ ಒಂದು ಮಾತು ಹೇಳಿಡು. ನಾಚಿಕೆ ಎಂಥದ್ದು?

ನಿಮಗೆ ಸಂಜೆ ಆರಾದಾಗ ಇಲ್ಲಿ ರಾತ್ರಿ ಒಂಬತ್ತೂವರೆ, ನಾನು ಎದ್ದೇ ಇರ್ತೀನಿ. ಆಗ ಜ್ವರ ಎಷ್ಟಿದೆ ಅಂತ ನೋಡಿ ಬರೆ. "ಪರವಾಗಿಲ್ಲ" ಅಂತ ಬರೆದರೆ ಒಪ್ಪಲ್ಲ. ನನಗೆ ನಂಬರ್ ಬೇಕು, ಸೆಲ್ಸಿಯಸ್ ಆದರೂ ಸರಿ.

ಇಂತಿ,
ನಿನ್ನ ದೊಡ್ಡಪ್ಪ