ರಿಡ್ಜ್‌ವೇ ಸೈಕಲ್ ಸವಾರರಿಗೆ ಥೇಮ್ಸ್ ದಡದಲ್ಲೇ ಮುಗಿಯಬಾರದು

ಇವರಿಗೆ,
ಸಾರ್ವಜನಿಕ ಹಾದಿಗಳ ಹೊಣೆ ಹೊತ್ತಿರುವ ಮಾನ್ಯ ಸದಸ್ಯರು,
ಆಕ್ಸ್‌ಫರ್ಡ್‌ಶೈರ್ ಕೌಂಟಿ ಕೌನ್ಸಿಲ್

ಮಾನ್ಯರೇ,

ದಕ್ಷಿಣ ಇಂಗ್ಲೆಂಡಿನಲ್ಲಿ ಏವ್‌ಬರಿ ಸಮೀಪದ ಓವರ್ಟನ್ ಹಿಲ್‌ನಿಂದ ಐವಿಂಗ್‌ಹೋ ಬೀಕನ್‌ವರೆಗೆ ಸೀಮೆಸುಣ್ಣದ ಗುಡ್ಡಸಾಲಿನ ಮೇಲೆ 139 ಕಿ.ಮೀ. ಸಾಗುವ ರಿಡ್ಜ್‌ವೇ 1973ರಿಂದ ರಾಷ್ಟ್ರೀಯ ಹಾದಿಯಾಗಿದೆ. ಅದರ ಪಶ್ಚಿಮಾರ್ಧದಲ್ಲಿ ಸೈಕಲ್ ಓಡಿಸಬಹುದು. ಸ್ಟ್ರೀಟ್ಲಿಗೆ ಇಳಿದು, ಥೇಮ್ಸ್ ನದಿಯ ಸೇತುವೆ ದಾಟಿ ಗೋರಿಂಗ್ ಸೇರಿದ ಮೇಲೆ ಮಾತ್ರ ಅದೇ ಹಾದಿ ಬಹುಪಾಲು ಬರಿಯ ಕಾಲುದಾರಿಯಾಗಿಬಿಡುತ್ತದೆ. ಈ ತುಂಡನ್ನು ಜೋಡಿಸುವ ಕೆಲಸ ನಿಮ್ಮ ಕೌಂಟಿಯಿಂದಲೇ ಆರಂಭವಾಗಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ಇದರ ಇಂಗ್ಲಿಷ್ ಪ್ರತಿಯನ್ನು ತಮ್ಮ ಕಚೇರಿಗೆ ಕಳುಹಿಸಿದ್ದೇನೆ. ಡಿಡ್‌ಕಾಟ್, ರೆಡಿಂಗ್, ಸ್ವಿಂಡನ್ ಸುತ್ತ ನೆಲೆಸಿ ವಾರಾಂತ್ಯಕ್ಕೆ ಸೈಕಲ್ ಹೊರತೆಗೆಯುವ ನಮ್ಮವರೂ ಓದಿ ತಮ್ಮ ಪ್ರತಿನಿಧಿಗಳಿಗೆ ಬರೆಯಲಿ ಎಂದು ಕನ್ನಡದಲ್ಲಿಯೂ ಪ್ರಕಟಿಸುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾವು ಡಾಂಬರು ಕೇಳುತ್ತಿಲ್ಲ. ಈ ನೆಲದ ಸ್ವಭಾವವೇ ನಮ್ಮನ್ನು ಇಲ್ಲಿಗೆ ಕರೆತರುವುದು. ಬೇಸಿಗೆಯಲ್ಲಿ ಸೀಮೆಸುಣ್ಣ ನೀರನ್ನೆಲ್ಲ ಕೆಳಗಿಳಿಸಿ ಗಟ್ಟಿಯಾದ ಬಿಳಿಯ ಹಾದಿಯಾಗಿರುತ್ತದೆ. ಮಳೆ ಬಿದ್ದರೆ ಅದೇ ನೆಲ ಸಾಬೂನಿನಂತೆ ಜಾರುತ್ತದೆ, ಬಿಳಿಯ ರಾಡಿ ಬ್ರೇಕಿಗೂ ಚೈನಿಗೂ ಮೆತ್ತಿಕೊಂಡು ಒಣಗಿ ಗಟ್ಟಿಯಾಗುತ್ತದೆ, ಮಣ್ಣು ಕೊಚ್ಚಿಹೋದಲ್ಲಿ ಮೇಲೆದ್ದ ಚಕಮಕಿ ಕಲ್ಲಿನ ಅಂಚು ಟೈರಿನ ಪಕ್ಕೆಯನ್ನು ಸೀಳುತ್ತದೆ. ನೀರು ಕೆಳಗಿಳಿದುಹೋಗುವುದರಿಂದಲೇ ಗುಡ್ಡದ ನೆತ್ತಿಯಲ್ಲಿ ತೊರೆಗಳಿಲ್ಲ, ಕುಡಿಯುವ ನೀರಿನ ನಲ್ಲಿಗಳೂ ವಿರಳ. ಇಷ್ಟಾದರೂ ವೇಲ್ಯಾಂಡ್ಸ್ ಸ್ಮಿದಿಯ ಕಲ್ಲುಗೋರಿಯ ಪಕ್ಕದಲ್ಲಿ, ಗುಡ್ಡದ ಮೈಯಲ್ಲಿ ಕೊರೆದು ಸುಮಾರು 3000 ವರ್ಷಗಳಿಂದ ಜನ ಸೀಮೆಸುಣ್ಣ ತುಂಬಿ ಉಳಿಸಿಕೊಂಡು ಬಂದಿರುವ ಅಫಿಂಗ್ಟನ್‌ನ ಬಿಳಿ ಕುದುರೆಯ ಚಿತ್ರದ ಮೇಲ್ಗಡೆ ಸೈಕಲ್ ತುಳಿಯುವ ಸುಖವನ್ನು ಯಾವ ಡಾಂಬರು ರಸ್ತೆಯೂ ಕೊಡಲಾರದು.

ತೊಡಕು ಇರುವುದು ಕಾನೂನಿನಲ್ಲಿ. ಕುದುರೆ ಸವಾರರಿಗೆಂದು ಇದ್ದ ಬ್ರೈಡಲ್‌ವೇಗಳಲ್ಲಿ ಸೈಕಲ್ ತುಳಿಯುವ ಹಕ್ಕನ್ನು 1968ರ ಗ್ರಾಮಾಂತರ ಕಾಯ್ದೆಯ 30ನೆಯ ಕಲಮು ನೀಡಿತು. ನಡೆಯುವವರಿಗೂ ಕುದುರೆ ಸವಾರರಿಗೂ ದಾರಿ ಬಿಟ್ಟುಕೊಡಬೇಕೆಂಬ ಷರತ್ತನ್ನು, ನ್ಯಾಯವಾಗಿಯೇ, ವಿಧಿಸಿತು. ಆದರೆ ಸೈಕಲ್ ಸವಾರರ ಅನುಕೂಲಕ್ಕಾಗಿ ಏನನ್ನೂ ಮಾಡುವ ಬಾಧ್ಯತೆ ಹೆದ್ದಾರಿ ಪ್ರಾಧಿಕಾರಕ್ಕೆ (ಇಲ್ಲಿ ಕೌಂಟಿ ಕೌನ್ಸಿಲ್‌ಗೆ) ಇಲ್ಲವೆಂದೂ ಅದೇ ಕಲಮು ಹೇಳುತ್ತದೆ. ಕಾಲುದಾರಿಗಳಲ್ಲಿ ಆ ಹಕ್ಕು ಇಲ್ಲವೇ ಇಲ್ಲ. ಇಂಗ್ಲೆಂಡಿನ ಸಾರ್ವಜನಿಕ ಹಾದಿಗಳಲ್ಲಿ ಹೆಚ್ಚಿನವು ಕಾಲುದಾರಿಗಳೇ. ಸ್ಕಾಟ್ಲೆಂಡ್ 2003ರ ಭೂಸುಧಾರಣಾ ಕಾಯ್ದೆಯಿಂದ ಬೇರೆ ದಾರಿ ಹಿಡಿಯಿತು: ಅಲ್ಲಿ ಹೊಣೆಯರಿತು ನಡೆದುಕೊಂಡರೆ ಹೆಚ್ಚಿನ ಹಾದಿಗಳಲ್ಲಿ ಸೈಕಲ್ ತುಳಿಯಬಹುದು. ಆ ಚರ್ಚೆ ವೆಸ್ಟ್‌ಮಿನ್‌ಸ್ಟರ್‌ನ ಸಂಸತ್ತಿಗೆ ಸೇರಿದ್ದು, ಅದನ್ನು ತಮ್ಮ ತಲೆಗೆ ಕಟ್ಟುವುದಿಲ್ಲ.

ತಮ್ಮ ಕೈಯಳತೆಯಲ್ಲಿರುವ ಪರಿಹಾರಕ್ಕೆ ದಕ್ಷಿಣದಲ್ಲೇ ಮಾದರಿಯಿದೆ. ವಿಂಚೆಸ್ಟರ್‌ನಿಂದ ಈಸ್ಟ್‌ಬೋರ್ನ್‌ವರೆಗಿನ 160 ಕಿ.ಮೀ. ಉದ್ದದ ಸೌತ್ ಡೌನ್ಸ್ ವೇ ಹಾದಿಯನ್ನು ಕುದುರೆ, ಸೈಕಲ್, ಪಾದಚಾರಿ ಮೂವರೂ ಹಂಚಿಕೊಂಡಿದ್ದಾರೆ. ಆಲ್‌ಫ್ರಿಸ್ಟನ್ ದಾಟಿದ ಮೇಲೆ ಅದು ಎರಡಾಗಿ ಒಡೆಯುತ್ತದೆ: ನಡೆಯುವವರು ಸೆವೆನ್ ಸಿಸ್ಟರ್ಸ್ ಕಡಲಬಂಡೆಗಳ ಮೇಲೆ ಹೋಗುತ್ತಾರೆ, ಸವಾರರು ಒಳನಾಡಿನಲ್ಲಿ ಜೆವಿಂಗ್ಟನ್ ಮೂಲಕ ಹೋಗುತ್ತಾರೆ. ಎರಡಕ್ಕೂ ಹೆಸರು ಸೌತ್ ಡೌನ್ಸ್ ವೇ. ಸವಾರರ ಕವಲು ಕೀಳೆಂದು ಯಾರೂ ಭಾವಿಸಿಲ್ಲ, ಕಡಲಬಂಡೆಯ ಮೇಲೆ ನಡೆಯುವವರ ನೆಮ್ಮದಿಗೂ ಭಂಗವಿಲ್ಲ.

ರಿಡ್ಜ್‌ವೇಗೂ ಇದನ್ನೇ ಮಾಡಬಹುದು. ಗೋರಿಂಗ್ ದಾಟಿದ ಮೇಲೆ ರಿಡ್ಜ್‌ವೇ ಹಿಡಿಯುವ, ನಫೀಲ್ಡ್ ಕಡೆಗೆ ಏರುವ ಗ್ರಿಮ್ಸ್ ಡಿಚ್ ಪುರಾತನ ಮಣ್ಣಿನ ದಿಣ್ಣೆ. ಅದರ ಮೇಲಿನ ಇಕ್ಕಟ್ಟಾದ ಹಾದಿ ನಡೆಯುವವರಿಗೇ ಇರಲಿ, ಅಲ್ಲಿ ಚಕ್ರ ಉರುಳಬಾರದೆಂಬುದು ನನ್ನ ಅಭಿಪ್ರಾಯವೂ ಹೌದು. (ಇಳಿಜಾರಿನಲ್ಲಿ ಬೆಲ್ ಬಾರಿಸದೆ ನುಗ್ಗುವವರು ನಮ್ಮ ನಡುವೆಯೂ ಇದ್ದಾರೆ, ಅವರ ವಕಾಲತ್ತು ನಾನು ವಹಿಸಲಾರೆ.) ಗೋರಿಂಗ್‌ನಿಂದಲೇ ಹೊರಡುವ ಸ್ವಾನ್ಸ್ ವೇ ಎಂಬ ಕುದುರೆ ಹಾದಿ ಗುಡ್ಡದ ಬುಡದ ಇಕ್‌ನೀಲ್ಡ್ ಎಂಬ ಹಳೆಯ ಜಾಡು ಹಿಡಿದು ವಾಟ್ಲಿಂಗ್ಟನ್ ಕಡೆಗೆ ಸಾಗುತ್ತದೆ. ಬಲ್ಲವರು ಈಗಲೂ ಅದನ್ನೇ ಹಿಡಿಯುತ್ತಾರೆ. ರಿಡ್ಜ್‌ವೇಯನ್ನೇ ನೆಚ್ಚಿ ಬಂದ ಹೊಸಬರು ವಾಲಿಂಗ್‌ಫರ್ಡ್‌ನಿಂದ ಏರುವ ಎ4130 ರಸ್ತೆಯಲ್ಲಿ ಕಾರು ಲಾರಿಗಳ ಪಕ್ಕದಲ್ಲಿ ಪರದಾಡಬೇಕಾಗುತ್ತದೆ.

ಆದ್ದರಿಂದ ಸ್ವಾನ್ಸ್ ವೇಯ ಈ ಭಾಗವನ್ನು ಸವಾರರ ರಿಡ್ಜ್‌ವೇ ಎಂದು ಗುರುತಿಸಿ, ರಾಷ್ಟ್ರೀಯ ಹಾದಿಗಳ ಏಕಾರ್ನ್ (ಓಕ್ ಮರದ ಕಾಯಿ) ಚಿಹ್ನೆ ಅಲ್ಲಿಗೂ ಬರುವಂತೆ ಆ ಹಾದಿಗಳ ಹೊಣೆ ಹೊತ್ತ ನ್ಯಾಚುರಲ್ ಇಂಗ್ಲೆಂಡ್ ಸಂಸ್ಥೆಗೆ ತಾವು ಪ್ರಸ್ತಾವ ಸಲ್ಲಿಸಬೇಕು. ಹಾದಿಯ ಬದಲಾವಣೆಗೆ ಮಂತ್ರಿಯ ಒಪ್ಪಿಗೆ ಬೇಕಾಗುವುದರಿಂದ ಇದಕ್ಕೆ ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ಗೋರಿಂಗ್ ಸೇತುವೆಯ ಬಳಿಯೂ ಪ್ರತಿ ಕವಲಿನಲ್ಲೂ ಕೌಂಟಿಯ ದಾರಿಸೂಚಕಗಳನ್ನು ನೆಡಲು ತಡವೇಕೆ? ಎಲ್ಲಿಯಾದರೂ ಕೊಂಡಿ ತಪ್ಪಿದ್ದರೆ ಜಮೀನಿನವರೊಡನೆ 1980ರ ಹೆದ್ದಾರಿ ಕಾಯ್ದೆಯ 25ನೆಯ ಕಲಮಿನಡಿ ಒಪ್ಪಂದ ಮಾಡಿಕೊಳ್ಳಲು ಅವಕಾಶವಿದೆ. ಬಲವಂತದ ಆದೇಶದ ಮಾತು ಆಮೇಲಿನದು.

ಕೌಂಟಿಯ ಹಾದಿಗಳ ಸುಧಾರಣಾ ಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಮರುಪರಿಶೀಲಿಸಬೇಕೆಂದು 2000ದ ಗ್ರಾಮಾಂತರ ಮತ್ತು ಹಾದಿಹಕ್ಕುಗಳ ಕಾಯ್ದೆ ವಿಧಿಸಿದೆ. ಮುಂದಿನ ಮರುಪರಿಶೀಲನೆಯಲ್ಲಿ ಈ ಕೊಂಡಿಯನ್ನು ಹೆಸರಿಸಿ ಸೇರಿಸಬೇಕೆಂದೂ, ಅದಕ್ಕೆ ಮುನ್ನ ಹಾದಿಗಳ ಬಳಕೆಯ ಬಗ್ಗೆ ಕೌಂಟಿಗೆ ಸಲಹೆ ಕೊಡುವ ಸ್ಥಳೀಯ ಪ್ರವೇಶ ವೇದಿಕೆಯ ಸಭೆಯಲ್ಲಿ ನಡೆಯುವವರ, ಕುದುರೆ ಸವಾರರ, ರೈತರ ಎದುರೇ ಇದನ್ನು ಚರ್ಚೆಗೆ ಇಡಬೇಕೆಂದೂ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಡಿಡ್‌ಕಾಟ್‌ನಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ ಸೈಕಲ್ ಸವಾರ