ಡಾಂಬರು ಉಳಿದ ಮಾತ್ರಕ್ಕೆ ರಸ್ತೆ ಉಳಿದಂತಲ್ಲ

ಮಾನ್ಯರೇ,

2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ, 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ, 2022ರ ಜುಲೈನಲ್ಲಿ ಸಕಲೇಶಪುರ ಸಮೀಪದ ದೋಣಿಗಾಲ್‌ನಲ್ಲಿ ಹೆದ್ದಾರಿ ಕುಸಿದದ್ದನ್ನು ಕಂಡ ನಮಗೆ, ಮಳೆ ತಗ್ಗಿದೊಡನೆ ಮರಳುಚೀಲ ಜೋಡಿಸಿ ಸಂಚಾರ ಬಿಡುವ ರೂಢಿ ಆತಂಕ ಹುಟ್ಟಿಸುತ್ತದೆ. ನೀರು ಮೊದಲು ಕೊರೆಯುವುದು ಅಂಚಿನ ಮಣ್ಣನ್ನು ಮತ್ತು ಮೋರಿಯ ಬುಡವನ್ನು. ಮೇಲಿನ ಡಾಂಬರು ಟೊಳ್ಳಿನ ಮೇಲೆ ಚಪ್ಪರದಂತೆ ಕೆಲಕಾಲ ನಿಂತಿರಬಲ್ಲದಾದ್ದರಿಂದ, ಬೈಕು ದಾಟಿತೆಂಬುದು ತುಂಬಿದ ಲಾರಿಗೆ ಭರವಸೆಯಾಗದು.

ಅಂಚಿನುದ್ದಕ್ಕೂ ಅಥವಾ ಅರ್ಧಚಂದ್ರಾಕಾರದಲ್ಲಿ ಮೂಡಿದ ಬಿರುಕು, ಕಣಿವೆಯತ್ತ ವಾಲಿದ ಕಂಬ, ತಡೆಗೋಡೆಯ ಬುಡದಿಂದ ಒಸರುವ ಕೆಂಪು ನೀರು ಅಪಾಯದ ಗುರುತುಗಳು. ಇವುಗಳಲ್ಲಿ ಕೊನೆಯದಕ್ಕೇ ನಾನು ಹೆಚ್ಚು ಅಂಜುತ್ತೇನೆ, ಏಕೆಂದರೆ ಒಳಗಿನ ಮಣ್ಣು ಇನ್ನೂ ಕೊಚ್ಚಿಹೋಗುತ್ತಿರುವುದನ್ನು ಅದು ಸೂಚಿಸುತ್ತದೆ. (ತಿಳಿನೀರಾದರೆ ಅಷ್ಟು ಗಾಬರಿಯಿಲ್ಲ.) ಇವೆಲ್ಲ ಜೀಪಿನ ಕಿಟಕಿಯಿಂದ ಕಾಣುವಂಥವಲ್ಲ, ಎಂಜಿನಿಯರುಗಳು ಇಳಿಜಾರಿನ ಕೆಳಬದಿಗೆ ಹೋಗಿ ನೋಡಬೇಕು, ಬಿರುಕಿನ ಎರಡೂ ಬದಿಗೆ ಬಣ್ಣದ ಗುರುತಿಟ್ಟು ಅಂತರವನ್ನು ದಿನವೂ ಅಳೆಯಬೇಕು.

ಪರಿಶೀಲನೆಯ ದಿನಾಂಕವನ್ನೂ ಅನುಮತಿಸಿದ ಗರಿಷ್ಠ ತೂಕವನ್ನೂ ಸ್ಥಳದಲ್ಲೇ ಫಲಕದಲ್ಲಿ ಬರೆಯದೆ ಯಾವ ಘಾಟಿ ರಸ್ತೆಯನ್ನೂ ಮತ್ತೆ ತೆರೆಯಬಾರದೆಂದು ಲೋಕೋಪಯೋಗಿ ಇಲಾಖೆಯನ್ನೂ ಹೆದ್ದಾರಿ ಪ್ರಾಧಿಕಾರವನ್ನೂ ಕೋರುತ್ತೇನೆ.

– ಓರ್ವ ನಿತ್ಯ ಪ್ರಯಾಣಿಕ, ಸಕಲೇಶಪುರ